ಮೂರು ಮೈಕ್ರಾನ್

ಓಡೆನ್ಸೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೇಣ ಹೆರೆಯುವುದು ನನ್ನ ಕೆಲಸ.
ಮೇಣದ ಬಿಲ್ಲೆಯೊಳಗೆ ಯಾರದೋ ಮೈಯ ಚೂರು,
ಅಲಗು ಒಮ್ಮೆ ಇಳಿದರೆ ಮೂರು ಮೈಕ್ರಾನಿನ ಒಂದು ಪದರ.
ಉಸಿರು ತಾಗಿದರೆ ಮುದುಡುತ್ತದೆ.
ಅದಕ್ಕೇ ಹೆರೆಯುವಾಗ ಇಲ್ಲಿ ಯಾರೂ ಮಾತಾಡುವುದಿಲ್ಲ.
ನನಗದು ಕಷ್ಟವಾಗಲಿಲ್ಲ.
ಮಾತಾಡದಿರುವುದು ನಮ್ಮ ಮನೆಯಲ್ಲಿ
ಉಪ್ಪು ಹಾಕಿದ ಹೆರಿಂಗ್ ಮೀನಿನಷ್ಟೇ ಹಳೆಯದು.

ಈ ಚಳಿಗಾಲ ಡಾಕ್ಟರ್ ಇಂಗೆಲಿಸೆ ಹಳೆಯ ಬಿಲ್ಲೆ ಕೇಳಿದರು.
ಸೆಮಿನೋಮಾ. ನಲವತ್ತು ದಾಟದವರದು. ಎಷ್ಟಿದ್ದರೆ ಅಷ್ಟು.
ರಕ್ತದಲ್ಲಿ ತೇಲುವ ಆರ್‌ಎನ್‌ಎ ಚೂರೊಂದನ್ನು ಹಿಡಿದಿದ್ದಾರಂತೆ;
ಅದು ಈ ಗಡ್ಡೆಯದೇ ರುಜುವೋ ಅಂತ
ಸತ್ತವರ, ಬದುಕಿದವರ ಗಡ್ಡೆಗಳ ಜೊತೆ ತಾಳೆ ನೋಡಬೇಕಂತೆ.
ಮುನ್ನೂರ ಹನ್ನೆರಡು ಬಿಲ್ಲೆ.
ಡ್ರಾಯರು ಎಳೆದರೆ ಮುಚ್ಚಿಟ್ಟ ಚರ್ಚಿನ ವಾಸನೆ.

ಗುಲಾಬಿ, ನೀಲಿ ಬಣ್ಣ ಕುಡಿಸಿ ಗಾಜಿಗೆ ಹಚ್ಚಿದರೆ
ದೊಡ್ಡ ದೊಡ್ಡ ತಿಳಿ ಕೋಶಗಳು, ನಡುವೆ ದುಂಡನೆಯ ತಿರುಳು.
ಬಾಣಲೆಗೆ ಒಡೆದ ಮೊಟ್ಟೆಗಳಂತೆ ಅನ್ನುತ್ತಾರೆ ವಿದ್ಯಾರ್ಥಿಗಳಿಗೆ.
ನನಗೆ ಕಾಣುವುದು ಬೇರೆ:
ಎಲ್ಲರೂ ಇಳಿದುಹೋದ ಮೇಲೂ
ದೋಣಿಯಲ್ಲೇ ಕೂತವರ ಮುಖಗಳು.
ಸಂದಿಗಳಲ್ಲಿ ಸಾಸಿವೆ ಚೆಲ್ಲಿದ ಹಾಗೆ ಲಿಂಫೋಸೈಟುಗಳು.
ಕಾವಲಿಗೆಂದು ಬಂದವು,
ಮನೆಯವರನ್ನೇ ಹೇಗೆ ಹಿಡಿಯುವುದೆಂದು ನಿಂತುಬಿಟ್ಟವು.

"ಇವು ಕೆಟ್ಟವಲ್ಲ ಡಾಗ್ನಿ" ಅಂದರು ಇಂಗೆಲಿಸೆ ಒಮ್ಮೆ, ಕನ್ನಡಕ ಒರೆಸುತ್ತ,
"ದೊಡ್ಡವಾಗಲು ಮರೆತವು.
ತಾಯ ಹೊಟ್ಟೆಯಲ್ಲಿ, ಬೆರಳ ತುದಿಗೂ ಸಾಲದ ಪಿಂಡದಲ್ಲಿ
ಅಷ್ಟು ದೂರ ನಡೆದು ಬಂದು ಗೂಡು ಸೇರಿದ ಬೀಜಗಳು.
ಜೊತೆಯವು ಬೆಳೆದವು. ಒಂದೆರಡು ಹಾಗೇ ಕೂತವು,
ಇಪ್ಪತ್ತೈದು ವರ್ಷ, ಮೂವತ್ತು ವರ್ಷ.
ಆಮೇಲೆ ಎದ್ದವು. ಈಗಿನ ನಮ್ಮ ಅಂದಾಜು ಹೀಗೆ."
ಯಾಕೆ ಕೂತವು?
"ಅದನ್ನೇ ಹುಡುಕುತ್ತಿರುವುದು."
ನಮ್ಮ ದೇಶದ ಹುಡುಗರಲ್ಲೇ ಯಾಕಿಷ್ಟು?
"ಅದನ್ನೂ.
ತಾಯಿಯನ್ನು ದೂರುವಂತಿಲ್ಲ, ಅಷ್ಟು ಹೇಳಬಲ್ಲೆ.
ಅದೂ ನನ್ನ ಮಾತು, ಅಂಕಿಅಂಶದ್ದಲ್ಲ."

ಗುರುವಾರ, ಇನ್ನೂರ ಆರನೆಯ ಬಿಲ್ಲೆ.
ಹೆಸರು ಇರುವುದಿಲ್ಲ. ಚೀಟಿಯಲ್ಲಿ ಇಷ್ಟೇ:
೧೯೮೮. ಎಡ. ವಯಸ್ಸು ೨೭. ಎಸ್ಬ್ಯೆರ್ಗ್.

ಎಸ್ಬ್ಯೆರ್ಗಿನಲ್ಲಿ ಆ ವರ್ಷ ಇಪ್ಪತ್ತೇಳಾದವರು ಎಷ್ಟು ಮಂದಿಯೋ.
ಒಬ್ಬ ನನ್ನ ಅಣ್ಣ ಆಸ್ಗರ್, ಮೀನುದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವ.
ಆ ವರ್ಷ ಅವನಿಗೆ ಹರ್ನಿಯಾ ಆಯಿತು.
ಅಮ್ಮ ಪ್ಲಮ್ ಜಾಮ್ ಕಳಿಸಿದಳು, ಎರಡು ಬಾಟಲಿ.
ಜೂನಿನ ಕಡಲತೀರದ ಬೆಂಕಿಗೆ ಅವನು ಬರಲಿಲ್ಲ.
ಆಮೇಲೆ ಎಷ್ಟೋ ವರ್ಷ, ಮೂರು ತಿಂಗಳಿಗೊಮ್ಮೆ,
ಎಂಜಿನಿನ ಬಿಡಿಭಾಗ ತರಬೇಕೆಂದು ಓಡೆನ್ಸೆಗೆ ರೈಲು ಹತ್ತುತ್ತಿದ್ದ.
ಬರುವಾಗ ಕೈ ಖಾಲಿ.
ಬಂದರಿನವರು ನಕ್ಕರು: ಯಾವ ಬಿಡಿಭಾಗವಪ್ಪಾ, ಅವಳ ಹೆಸರೇನು?
ನಾವೂ ನಕ್ಕೆವು.

ಅಲಗು ಇಳಿಸಿದೆ, ಬೇರೆಯವರದನ್ನು ಹೆರೆದ ಹಾಗೆಯೇ.
ಬೆಚ್ಚನೆ ನೀರಿನ ಮೇಲೆ ಪದರ ಬಿಡಿಸಿಕೊಂಡಿತು,
ಒಂದು ಸುಕ್ಕಿಲ್ಲ,
ಹೆಬ್ಬೆಟ್ಟಿನ ಉಗುರಿನಷ್ಟು ಅಗಲ.
ತನ್ನವರದಿರಬಹುದಾದದ್ದನ್ನು ಹೆರೆಯಬಾರದೆಂದು
ನಿಯಮವೇನಾದರೂ ಇದೆಯೋ,
ಯಾರನ್ನೂ ಕೇಳಲಿಲ್ಲ.

ಭಾನುವಾರ ಫೋನ್ ಮಾಡಿದೆ. ಅರವತ್ತನಾಲ್ಕಾಯಿತು ಅವನಿಗೆ.
ಮಂಡಿನೋವು, ಡೀಸೆಲ್ ಬೆಲೆ, ಬಿರ್ತೆ ತಂದ ಹೊಸ ನಾಯಿ.
ಎಲ್ಲ ಮುಗಿದ ಮೇಲೆ ಕೇಳಿದೆ:
ಆಗ ನಿನಗೆ ಹರ್ನಿಯಾ ಆಗಿತ್ತಲ್ಲ, ಎಡಕ್ಕೋ ಬಲಕ್ಕೋ?

"ಯಾವ ಹರ್ನಿಯಾ?" ಅಂದ.

ಆ ಕಡೆ ಅಡುಗೆಮನೆಯ ರೇಡಿಯೋ
ಸಮುದ್ರದ ಹವಾಮಾನ ಓದುತ್ತಿತ್ತು.
ವಾಯವ್ಯದ ಗಾಳಿ, ಅಲೆ ಎರಡು ಮೀಟರ್, ಸಂಜೆಗೆ ಇಳಿಮುಖ.
ಇಬ್ಬರೂ ಕೊನೆಯವರೆಗೆ ಕೇಳಿದೆವು.